ಎರಡು ಗಾಡಿಗಳ ಸಪ್ಪಳ

ಕಾಕಾನ ಗಾಡಿ ಹೋದ ವಾರ ಮಾರಾಟವಾಯಿತು. ಕೊಳ್ಳಲು ಬಂದವನು ಕುಂದಗೋಳದ ಕಡೆಯ ಹುಡುಗ. ಗಾಡಿಯ ಸುತ್ತ ಓಡಾಡಿ, ಟೈರು ಒತ್ತಿ ನೋಡಿ, ಕಿಕ್ ಹೊಡೆದು ಎಂಜಿನ್ನಿನ ಸದ್ದಿಗೆ ತಲೆದೂಗಿದ. ಕೊನೆಗೆ ತನ್ನ ಫೋನಿನ ಹಾಡನ್ನು ಗಾಡಿಯ ಟೇಪಿಗೆ ಹಚ್ಚಿದವನೇ ಮುಖ ಕಿವುಚಿದ.

"ಇದೇನ್ರಿ ಅಕ್ಕಾರ, ಆನಿಯಂಥಾ ಗಾಡಿಗೆ ಗುಂಯ್ ಅನ್ನೋ ಗುಂಗಾಡ ದನಿ ಕೂಡಿಸ್ಯಾರ? ಬೇಸ್ ಅನ್ನೋದ ಇಲ್ಲಲ್ರಿ. ಯಾರರ ತಿಳೀದವ್ರು ಫಿಟ್ ಮಾಡ್ಯಾರೇನು?"

ಗದಗಿನಿಂದ ಬಂದಿದ್ದ ಕಾಕಾನ ಮಗಳು ನನ್ನ ಮುಖ ನೋಡಿದಳು. "ನಿಮಗ ಬೇಕಾದ್ದು ಹಾಕಿಸ್ಕೊಳ್ರಿ," ಎಂದೆ. ಟೇಪಿನಲ್ಲಿದ್ದ ಕಾಕಾನ ಪೆನ್‌ಡ್ರೈವನ್ನು ಅವಳು ಬೆಳಿಗ್ಗೆಯೇ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಳು.

ಕಾಕಾ ನನಗೆ ಸಂಬಂಧಿಕರಲ್ಲ. ಶಲವಡಿಯಲ್ಲಿ ನಮ್ಮ ಮನೆಯ ಎದುರಿನ ಮನೆಯವರು. ಓಣಿಗೆಲ್ಲ ಅವರು ಕಾಕಾ, ಅವರ ಹೆಂಡತಿ ಕಾಕು. ಕಾಕಾ ಅಣ್ಣಿಗೇರಿಯ ಹತ್ತಿ ಜಿನ್ನಿನಲ್ಲಿ ಫಿಟರ್ ಆಗಿದ್ದರು. ಹತ್ತಿಯಿಂದ ಬೀಜ ಬೇರ್ಪಡಿಸುವ ಆ ಯಂತ್ರಗಳ ನಡುವೆಯೇ ಅವರ ದುಡಿಮೆಯ ವರ್ಷಗಳೆಲ್ಲ ಕಳೆದವು. ಸಂಜೆ ಸೈಕಲ್ ತಳ್ಳಿಕೊಂಡು ಓಣಿಗೆ ಬರುವಾಗ ಅವರ ಹುಬ್ಬಿನ ಮೇಲೆ, ಕಿವಿಯ ಕೂದಲಿನ ಮೇಲೆ ಹತ್ತಿಯ ಎಳೆಗಳು ಅಂಟಿರುತ್ತಿದ್ದವು. ಚಿಕ್ಕವಳಿದ್ದಾಗ ನಾನು ಅದನ್ನು ಮುಪ್ಪು ಎಂದುಕೊಂಡಿದ್ದೆ. ಸ್ನಾನ ಮಾಡಿ ಹೊರಗೆ ಬಂದರೆ ಮತ್ತೆ ಹರೆಯದವರಾಗಿರುತ್ತಿದ್ದರು.

ಅವರು ಯಾರಿಗೂ ಇಲ್ಲ ಎಂದವರಲ್ಲ. "ಕಾಕಾ, ನಾಳೆ ನವಲಗುಂದಕ್ಕ ಹೊಂಟ್ರ ನಂದೊಂದು ಚೀಲ ತರ್ರಿ" ಎಂದರೆ "ಹ್ಞೂಂ" ಎನ್ನುತ್ತಿದ್ದರು. "ಕಾಕಾ, ಈ ಸಲ ಮಳಿ ಕೈ ಕೊಡ್ತೈತಿ ಅನಸ್ತೈತಿ" ಎಂದರೂ "ಹ್ಞೂಂ". ಅದೇ ಮನುಷ್ಯ ಹೊಳ್ಳಿ ಬಂದು "ಇಲ್ಲ ಬಿಡ್ರಿ, ಮಳಿ ಚಲೋ ಆಗ್ತೈತಿ" ಎಂದರೂ "ಹ್ಞೂಂ". ಆ ಹ್ಞೂಂಕಾರಕ್ಕೆ ಒಂದು ತೂಕವಿತ್ತು. ಗಲ್ಲ ತುಸು ಕೆಳಗಿಳಿಸಿ, ಕಣ್ಣು ಅರೆಮುಚ್ಚಿ ಹಾಗೆಂದರೆ, ಹೇಳಿದವರಿಗೆ ತಮ್ಮ ಮಾತನ್ನು ಯಾರೋ ಮನಸ್ಸಿಟ್ಟು ಕೇಳಿದರು ಎಂಬ ಸಮಾಧಾನವಾಗುತ್ತಿತ್ತು. ಓಣಿಯ ಜಗಳಗಳೆಲ್ಲ ಅವರ ಕಟ್ಟೆಗೆ ಬಂದು ತಣ್ಣಗಾಗುತ್ತಿದ್ದವು. ಎರಡೂ ಕಡೆಯವರಿಗೆ ಅವರು ಹ್ಞೂಂ ಎಂದಿರುತ್ತಿದ್ದರು.

ಚೀಲ ಮಾತ್ರ ನವಲಗುಂದದಿಂದ ಬರುತ್ತಿರಲಿಲ್ಲ. "ಮರತೆ ನೋಡ," ಎಂದು ಹಣೆ ಬಡಿದುಕೊಳ್ಳುತ್ತಿದ್ದರು. ಜನ ನಗುತ್ತಿದ್ದರು. ಕಾಕಾನ ಮರೆವು ಓಣಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ.

ಜಿನ್ನಿನೊಳಗೆ ಯಾರೂ ಬಾಯಿಂದ ಮಾತಾಡುವುದಿಲ್ಲ. ಆಡಿದರೂ ಕೇಳಿಸದು. ಎಲ್ಲ ಕೈಸನ್ನೆ. ಎರಡು ಬೆರಳು ತುಟಿಗೆ ಒತ್ತಿದರೆ ಚಹಾ. ಬೆರಳುಗಳನ್ನು ಒಂದಕ್ಕೊಂದು ಉಜ್ಜಿದರೆ ಹತ್ತಿ ಮುಗಿಯಿತು. ಅಂಗೈ ಕೆಳಗೆ ಮಾಡಿ ಅಡ್ಡ ಬೀಸಿದರೆ ಮಷಿನ್ ಬಂದ್ ಮಾಡು ಎಂದರ್ಥ. ಇವನ್ನು ಅವರು ಮನೆಗೂ ತಂದಿದ್ದರು. ಕಾಕು ಕಲಿತಿದ್ದರು. ಕಟ್ಟೆಯ ಮೇಲೆ ಕೂತ ಕಾಕಾ ತುಟಿಗೆ ಬೆರಳಿಟ್ಟರೆ ಒಳಗಿನಿಂದ ಚಹಾ ಬರುತ್ತಿತ್ತು. ಕಾಕು ಬೇಸರವಾದಾಗ, "ಇದೇನ್ ಜಿನ್ನೇನ್ರಿ? ಬಾಯಿ ಕೊಟ್ಟಾನ ದೇವ್ರು," ಎನ್ನುತ್ತಿದ್ದರು. ಕಾಕಾ ಹ್ಞೂಂ ಎನ್ನುತ್ತಿದ್ದರು.

ಜಿನ್ನಿನ ಕೆಲಸ ಮುಗಿದ ವರ್ಷ ಅವರು ಹುಬ್ಬಳ್ಳಿಯಿಂದ ಹಳೆಯದೊಂದು ಗಾಡಿ ತಂದರು. ದೂರದ ಪ್ರಯಾಣಕ್ಕೆಂದೇ ಮಾಡಿದ ದೊಡ್ಡ ಮೋಟಾರ್ ಸೈಕಲ್. ಮುಂದೆ ಗಾಳಿ ತಡೆಯುವ ಅಗಲ ಗಾಜು, ಎರಡೂ ಬಾಜು ಪೆಟ್ಟಿಗೆ, ಹಿಂದೆ ಕೂಡುವವರಿಗೆ ಆನಿಕೊಳ್ಳಲು ದಿಂಬು, ಗಾಜಿನ ಕೆಳಗೆ ಎರಡು ಸಣ್ಣ ಸ್ಪೀಕರ್. ಓಣಿ ಬಾಯಿಗೆ ಕೈ ಇಟ್ಟು ನೋಡಿತು. ಕಾಕು ಹಿಂದಿನ ಸೀಟಿನ ಮೇಲೆ ನವಲಗುಂದದ ಸಣ್ಣ ಜಮಖಾನವೊಂದನ್ನು ಮಡಿಚಿ ಹಾಕಿ, ಮೇಲೆ ಕೂತು, "ಹ್ಞಾಂ, ಈಗ ನಡೀರಿ," ಎಂದರು. ಆಮೇಲೆ ಅವರಿಬ್ಬರೂ ನಿಲ್ಲಲಿಲ್ಲ. ಪಂಢರಪುರ, ಶ್ರೀಶೈಲ, ಗೋಕರ್ಣ. ಒಮ್ಮೆ ಕನ್ಯಾಕುಮಾರಿಗೂ ಹೋಗಿ ಬಂದರು. ಬೆನ್ನಿಗೆ ಒಮ್ಮೆ ತಟ್ಟಿದರೆ ನಿಧಾನ, ಎರಡು ಸಲ ತಟ್ಟಿದರೆ ನಿಲ್ಲಿಸು. ಇದು ಅವರ ಗಾಡಿಯ ಮೇಲಿನ ಭಾಷೆ. ಉಳಿದಂತೆ ಕಾಕು ದಾರಿಯುದ್ದಕ್ಕೂ ಬಾಯಿ ತುಂಬ ಮಾತಾಡುತ್ತಿದ್ದರು. "ಮನ್ಯಾಗ ಕೂತು ಮಾತಾಡಿದ್ರ ಇವರು ಎದ್ದ ಹೊಕ್ಕಾರ. ಗಾಡಿ ಮ್ಯಾಲ ಎಲ್ಲಿ ಹೊಕ್ಕಾರ?" ಎಂದು ನನ್ನ ಅವ್ವನ ಮುಂದೆ ನಗುತ್ತಿದ್ದರು.

ಒಂದು ವರ್ಷ ಹತ್ತಿ ಬಿಡಿಸುವ ಹಂಗಾಮಿನಲ್ಲಿ ಇಬ್ಬರೂ ಯಮನೂರಿನ ದರ್ಗಾಕ್ಕೆ ಹೋಗಿ ಬಂದರು. ಆ ಹಂಗಾಮು ಮುಗಿಯುವ ಮೊದಲೇ, ಒಂದು ಮುಂಜಾನೆ, ರೊಟ್ಟಿಗೆ ಹಿಟ್ಟು ತೆಗೆದಿಟ್ಟು ಒಲೆಯ ಮುಂದೆ ಕೂತ ಕಾಕು ಏಳಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಕಾಕಾ ಗಾಡಿಗೆ ತಾಡಪತ್ರಿ ಹೊದಿಸಿದರು. ಮಳೆಗಾಲದ ತನಕ ಅದು ಹಾಗೇ ಇತ್ತು. ಆಮೇಲೊಂದು ದಿನ ಕಾಕುವಿನ ಫೋನನ್ನು ಮೊಮ್ಮಗಳಿಗೆ ಕೊಡಲೆಂದು ತೆರೆದ ಮಗಳಿಗೆ ಅದರಲ್ಲಿ ಒಂದು ಧ್ವನಿಮುದ್ರಣ ಸಿಕ್ಕಿತು. ಯಮನೂರಿನಿಂದ ಬರುವಾಗ ಕಾಕುವಿನ ಸೊಂಟದ ಸಂಚಿಯೊಳಗೆ ಫೋನು ತಾನಾಗಿಯೇ ಶುರುವಾಗಿ, ಊರು ಮುಟ್ಟುವ ತನಕ ಎಲ್ಲವನ್ನೂ ಮುದ್ರಿಸಿಕೊಂಡಿತ್ತು. ಬಟ್ಟೆಯ ಸರಸರ, ಗಾಳಿ, ಎಂಜಿನ್ನು, ಅದರ ನಡುವೆ ಕಾಕುವಿನ ಮಾತು. ಮಗಳು ಅದನ್ನು ಪೆನ್‌ಡ್ರೈವಿಗೆ ಹಾಕಿ ಕೊಟ್ಟಳು. ಮರುದಿನ ಕಾಕಾ ತಾಡಪತ್ರಿ ಸರಿಸಿದರು.

ಅಂದಿನಿಂದ ಅವರು ಯಮನೂರಿಗೆ ಹೋಗಿ ಬರುವುದು ರೂಢಿಯಾಯಿತು. ಹೋಗುವಾಗ ಸುಮ್ಮನೆ. ಬರುವಾಗ ದರ್ಗಾದ ಮುಂದೆ ಪೆನ್‌ಡ್ರೈವ್ ಹಚ್ಚಿ ಹೊರಡುತ್ತಿದ್ದರು.

ಆದರೆ ಆ ಸಣ್ಣ ಸ್ಪೀಕರುಗಳಲ್ಲಿ ಕಾಕು ಕೇಳಿಸುತ್ತಿಲ್ಲ ಎಂಬುದು ಅವರ ದೂರಾಯಿತು. ನವಲಗುಂದದಲ್ಲಿ ಟ್ರ್ಯಾಕ್ಟರುಗಳಿಗೆ ಟೇಪು ಕೂಡಿಸುವವನ ಅಂಗಡಿಗೆ ಹೋದರು. ನಮ್ಮ ಕಡೆ ಟ್ರ್ಯಾಕ್ಟರಿನ ಟೇಪು ಎಂದರೆ ಎದೆ ಗುದ್ದುವ ಬೇಸ್. ಹಾಡು ಯಾವುದೇ ಇರಲಿ, ಎರಡು ಹೊಲದಾಚೆಗೆ ಢಬ್ ಢಬ್ ಎಂದು ಕೇಳಿಸಿದರೆ ಟೇಪು ಚಲೋ ಐತಿ ಎಂದು ಲೆಕ್ಕ. ಅವನು ಮೊದಲು ದೊಡ್ಡ ಸ್ಪೀಕರ್ ಹಾಕಿದ. ಸಾಲಲಿಲ್ಲ. ಟ್ರ್ಯಾಕ್ಟರಿನ ಆಂಪ್ಲಿಫೈಯರ್ ಹಾಕಿದ. ಸಾಲಲಿಲ್ಲ. ಕೊನೆಗೆ ಬಲಗಡೆಯ ಪೆಟ್ಟಿಗೆ ಕೊರೆದು ಅದರೊಳಗೇ ಬೇಸ್ ಬಾಕ್ಸ್ ಕೂಡಿಸಿ, "ಕಾಕಾ, ಇನ್ನ ನೀವು ನವಲಗುಂದ ಬಿಟ್ರ ಸಾಕು, ಶಲವಡ್ಯಾಗ ಸಪ್ಪಳ ಕೇಳಿ ಚಾಕ್ಕ ಇಡ್ತಾರ," ಎಂದ.

ಅವನ ಮಾತು ಸುಳ್ಳಾಗಲಿಲ್ಲ. ಊರ ಹೊರಗಿನ ತಿರುವಿಗೆ ಕಾಕಾನ ಗಾಡಿ ಬಂದರೆ ನಮ್ಮ ಪಾತ್ರೆಯ ಗೂಡಿನಲ್ಲಿ ಲೋಟಗಳು ನಡುಗುತ್ತಿದ್ದವು. ಕೇಳಿಸುತ್ತಿದ್ದುದು ಹಾಡಲ್ಲ, ಗಾಡಿಯ ಸಪ್ಪಳ. ನಿಜವಾದ ಗಾಡಿಯ ಮೇಲೆ ಮುದ್ರಣದ ಗಾಡಿ ಕೂತು ಬಂದಂತೆ. ಕಟ್ಟೆಯ ಮೇಲಿನವರು ಚೇಷ್ಟೆ ಮಾಡುತ್ತಿದ್ದರು.

"ಏನ್ ಕಾಕಾ, ಡಿಜೆ ಬಂತು, ಮೆರವಣಿಗಿ ಎಲ್ಲೆ?"

"ಹ್ಞೂಂ," ಎಂದು ಕಾಕಾ ಗಾಡಿ ನಿಲ್ಲಿಸುತ್ತಿದ್ದರು.

ನಾನು ಓದಿದ್ದು ಕಿವಿಯ ವಿಷಯ. ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಕಿವಿ ಎಷ್ಟು ಕೇಳುತ್ತದೆ ಎಂದು ಪರೀಕ್ಷಿಸುವುದು ನನ್ನ ಕೆಲಸ. ಒಂದು ಭಾನುವಾರ ಕಾಕಾ ನಮ್ಮ ಮನೆಗೆ ಬಂದು, ಅವ್ವ ಕೊಟ್ಟ ಚಹಾ ಮುಟ್ಟದೆ, ಪೆನ್‌ಡ್ರೈವನ್ನು ನನ್ನ ಅಂಗೈಯಲ್ಲಿಟ್ಟರು.

"ಡಾಕ್ಟರವ್ವ, ನೀ ಕಿವಿ ಕಲ್ತಾಕಿ. ಯಾವ ಸ್ಪೀಕರ್ ಹಾಕಿಸ್ಲಿ ಹೇಳು. ಎಷ್ಟ ಹೆಚ್ಚ ಮಾಡಿದ್ರೂ ಗಾಡಿ ಸಪ್ಪಳ ಎರಡಾಗತೈತಿ, ಆಕಿ ಮಾತ್ರ ಎಲ್ಲೋ ಹಿಂದ ಉಳೀತಾಳ. ದಿನಾ ದಿನಾ ತೆಳ್ಳಗಾಗಾಕತ್ತಾಳ ಬೇ."

ಮುದ್ರಣ ಸವೆಯುತ್ತಿದೆ ಎಂದು ಅವರು ತಿಳಿದಿದ್ದರು. ನಾನು ಲ್ಯಾಪ್‌ಟಾಪಿಗೆ ಹಚ್ಚಿ ಇಯರ್‌ಫೋನ್ ಹಾಕಿಕೊಂಡು ಕೇಳಿದೆ. ಕಾಕಾ ಎದುರಿಗೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದರು.

ಮುದ್ರಣಕ್ಕೆ ಏನೂ ಆಗಿರಲಿಲ್ಲ. ಸಂಚಿ ಇದ್ದುದು ಕಾಕುವಿನ ಮೈಗೆ ಅಂಟಿಕೊಂಡು. ಗಾಳಿಯ ನಡುವೆಯೂ ಅವರ ದನಿ ಸ್ವಚ್ಛವಾಗಿತ್ತು. "ನಡೀರಿ. ಈ ಚುರಮರಿ ಗಂಟ ಎರಡೂ ಕೈಲೆ ಹಿಡದೀನಿ. ಗಾಳಿಗಿ ಬಿಚ್ಚಿದ್ರ ದಾರಿತುಂಬ ಪ್ರಸಾದ." "ಹ್ಞೂಂ." "ನೋಡ್ರಿ, ಅವರ ಹತ್ತಿ ಎಷ್ಟ ಚಂದ ಒಡದೈತಿ." "ಹ್ಞೂಂ." "ಮಗಳಿಗೊಂದು ಫೋನ್ ಹಚ್ಚಬೇಕ್ರಿ ಇವತ್ತ." "ಹ್ಞೂಂ." "ನಾ ಏನಂದೆ, ಹೊಳ್ಳಿ ಹೇಳ್ರಿ ನೋಡೂಣು?" "ಹ್ಞೂಂ." ಕಾಕು ಒಬ್ಬರೇ ನಕ್ಕರು. ಆ ನಗುವಿನಲ್ಲಿ ಸಿಟ್ಟಿರಲಿಲ್ಲ. ಬಹಳ ದಿನದಿಂದ ಗೊತ್ತಿದ್ದುದನ್ನು ಇನ್ನೊಮ್ಮೆ ನೋಡಿ ನಕ್ಕಂತಿತ್ತು. ಆಮೇಲೆ, "ಕಾಲವಿ ಬಂತು," ಎಂದರು. ಕಾಲುವೆಯ ಸೇತುವೆಯ ಮೇಲೆ ಗಾಡಿ ದಡಕ್ಕೆಂದಿತು. ಸ್ವಲ್ಪ ದೂರ ಬರೀ ಗಾಳಿ.

"ಏನ್ರಿ... ಒಂದೀಟು ನಿಂದ್ರಸ್ರಿ. ಬೆನ್ನಾಗ ಹೆಂಗೋ ಆಗಾಕತ್ತೈತಿ."

"ಹ್ಞೂಂ."

ಗಾಡಿ ನಿಲ್ಲಲಿಲ್ಲ. ಎರಡು ಸಲ ತಟ್ಟಲು ಕಾಕುವಿನ ಕೈ ಖಾಲಿ ಇರಲಿಲ್ಲ. ಎಷ್ಟೋ ಹೊತ್ತಿನ ಮೇಲೆ, "ಇರ್ಲಿ ಬಿಡ್ರಿ, ಮನಿ ಬಂದ ಬಿಡ್ತು," ಎಂಬ ಮಾತು. ಅಲ್ಲಿಂದ ಮನೆ ಮುಟ್ಟುವ ತನಕ ಅವರು ಮತ್ತೆ ಮಾತಾಡಲಿಲ್ಲ.

ನಾನು ಇಯರ್‌ಫೋನ್ ತೆಗೆದೆ. ಆ ಬೆನ್ನು ನೋವಿಗೂ ಕೆಲವು ದಿನಗಳ ನಂತರದ ಆ ಮುಂಜಾನೆಗೂ ಸಂಬಂಧವಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಾಗುವಂತಿಲ್ಲ. ಆದರೆ ಕೇಳಿಸಿಕೊಂಡವರು ಸಂಬಂಧ ಕಲ್ಪಿಸಿಕೊಳ್ಳದೇ ಇರುವುದಿಲ್ಲ.

"ಎಲ್ಲಾ ಕೇಳಸ್ತೇನ?" ಎಂದರು ಕಾಕಾ.

"ಕೇಳಸ್ತೈತ್ರಿ."

"ನಂಗ ನಂದು ದನಿ ಅಷ್ಟ ಕೇಳಸ್ತೈತಿ. ನಾ ಹ್ಞೂಂ ಅನ್ನೋದು ಅಗದಿ ಸಾಫ್ ಕೇಳಸ್ತೈತಿ. ಏನಂದಿದ್ದಕ್ಕ ಹ್ಞೂಂ ಅಂದ್ನಿ ಅನ್ನೋದ ತಿಳೀವಲ್ದು. ಕಾಲವಿ ದಾಟಿದ ಮ್ಯಾಲ ಏನೋ ಅಂತಾಳ. ಏನಂತಾಳ ಅಲ್ಲೆ?"

"ಮೊದಲ ನಿಮ್ಮ ಕಿವಿ ನೋಡೂಣ್ರಿ ಕಾಕಾ," ಎಂದೆ. "ಆಮ್ಯಾಲೆ ನೀವ ಕೇಳ್ರಿ."

ಹುಬ್ಬಳ್ಳಿಯಲ್ಲಿ ಅವರನ್ನು ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿದೆ. ಕೇಳಿಸಿದಾಗ ಕೈ ಎತ್ತಬೇಕು. ಅವರು ಎತ್ತುತ್ತಲೇ ಇದ್ದರು, ನಾನು ಸದ್ದು ಕೊಡದಿದ್ದಾಗಲೂ. ಒಳಗೆ ಹೋಗಿ, "ಕಾಕಾ, ಕೇಳಸದಿದ್ರ ಎತ್ತಬ್ಯಾಡ್ರಿ," ಎಂದೆ. ಅವರು ನಾಚಿಕೊಂಡು, "ನೀ ಪಾಪ ಅಷ್ಟೊತ್ತಿನಿಂದ ಒತ್ತಾಕತ್ತೀದಿ, ಸುಮ್ನ ಹೆಂಗ ಕೂಡ್ಲಿ," ಎಂದರು. ಹ್ಞೂಂಕಾರದ ಬೇರು ನನಗೆ ಅಲ್ಲಿ ಕಾಣಿಸಿತು. ಆಡುವವರ ಮುಖ ಸಪ್ಪಗಾಗಬಾರದು, ಅಷ್ಟೇ.

ಪರೀಕ್ಷೆಯಲ್ಲಿ ಬಂದದ್ದು ನಾನು ಊಹಿಸಿದ್ದೇ. ಯಂತ್ರದ ಗದ್ದಲ ಮೊದಲು ತೆಳು ದನಿಗಳನ್ನು ತಿನ್ನುತ್ತದೆ: ಹಕ್ಕಿ, ಫೋನಿನ ಗಂಟೆ, ಹೆಂಗಸರ ಮಾತು. ದಪ್ಪ ಸದ್ದು ಉಳಿಯುತ್ತದೆ. ಅವರಿಗೆ ಎಂಜಿನ್ನು ಪೂರ್ತಿ ಕೇಳಿಸುತ್ತಿತ್ತು. ಕಾಕು ಕೇಳಿಸದೆ ಬಹಳ ವರ್ಷಗಳಾಗಿದ್ದವು. ಟೇಪಿನವನು ಬೇಸ್ ಹೆಚ್ಚಿಸಿದಷ್ಟೂ ಆ ದನಿ ಇನ್ನಷ್ಟು ಅಡಿಗೆ ಬಿದ್ದಿತ್ತು. ಕಿವಿಯ ಮಷಿನ್ ಹಾಕಿಕೊಳ್ಳಬಹುದು ಎಂದೆ. ಅದನ್ನು ಹಾಕಿಕೊಂಡು ಮನೆಯಲ್ಲೇ ಕಾಕುವನ್ನು ಕೇಳಬಹುದು ಎಂದೂ ಹೇಳಿದೆ.

"ಮನ್ಯಾಗ ಯಾಕ? ಅದು ದಾರಿ ಮ್ಯಾಲ ಆಡಿದ ಮಾತು," ಎಂದರು. ಸ್ವಲ್ಪ ಯೋಚಿಸಿ, "ಆ ಮಷಿನ್ ನನಗ ಹಾಕಬ್ಯಾಡ. ಗಾಡಿಗೆ ಹಾಕು," ಎಂದರು.

ಆ ಮಾತು ಅವರಿಗೆ ಕೇಳಿಸುವಂತೆ ಮಾಡಬೇಕೋ ಬೇಡವೋ ಎಂದು ನಾನು ಆ ವಾರವೆಲ್ಲ ಬಸ್ಸಿನಲ್ಲಿ ಕೂತು ಯೋಚಿಸಿದೆ. ಕೇಳಿಸದೇ ಹೋದರೆ ಅವರ ಉಳಿದ ದಿನಗಳು ಹುಡುಕಾಟದಲ್ಲಿ ಕಳೆಯುತ್ತವೆ. ಕೇಳಿಸಿದರೆ ಹುಡುಕಾಟ ಮುಗಿಯುತ್ತದೆ. ಆಮೇಲೆ ಏನು ಎಂಬುದು ನನಗೆ ಕಾಣುತ್ತಿರಲಿಲ್ಲ. ಕೊನೆಗೆ ನವಲಗುಂದದ ಅಂಗಡಿಗೆ ಹೋಗುವ ದಿನ ಕೇಳಿದೆ: "ಕಾಕಾ, ಎಲ್ಲಾ ಕೇಳಬೇಕೇನ್ರಿ ನಿಮಗ?"

"ಯಾಕ, ಬೈದಾಳೇನ?"

"ಇಲ್ರಿ."

"ಬೈದಿದ್ರ ಚಲೋ ಆಗ್ತಿತ್ತು," ಎಂದರು. ಎದ್ದು ಚಪ್ಪಲಿ ಮೆಟ್ಟಿಕೊಂಡು, "ನಡೀ, ಹೋಗೂಣು," ಎಂದರು.

ಬೇಸ್ ಬಾಕ್ಸ್ ತೆಗೆಯಬೇಕು ಎಂದಾಗ ಟೇಪಿನವನಿಗೆ ಜೀವವೇ ಹೋದಂತಾಯಿತು. "ಅಕ್ಕಾರ, ಬೇಸ್ ತಗದ ಮ್ಯಾಲ ಏನ್ ಉಳಿತೈತ್ರಿ? ತಾಟಿನ್ಯಾಗಿಂದು ರೊಟ್ಟಿ ತಗದು ಬರೇ ಉಪ್ಪಿನಕಾಯಿ ನೆಕ್ಕಸಿದಂಗ. ನನ್ನ ಅಂಗಡಿ ಹೆಸರ ಹೇಳಬ್ಯಾಡ್ರಿ ಮತ್ತ." ಆದರೂ ತೆಗೆದ. ಸಣ್ಣ, ಚೂಪು ದನಿಯ ಎರಡು ಸ್ಪೀಕರುಗಳನ್ನು ಗಾಜಿನ ಮೇಲಂಚಿಗೆ, ಕಾಕಾನ ಕಿವಿಯ ಎತ್ತರಕ್ಕೆ ಕೂಡಿಸಿದ. ಆಂಪ್ಲಿಫೈಯರಿನ ಗುಂಡಿಗಳನ್ನು ನಾನೇ ತಿರುಗಿಸಿದೆ. ಎಂಜಿನ್ನಿನ ಸದ್ದು ಇರುವಲ್ಲಿ ಪೂರ್ತಿ ಇಳಿಸಿದೆ. ಕಾಕಾನ ಕಿವಿ ಎಲ್ಲಿ ಬಿದ್ದಿತ್ತೋ ಅಲ್ಲೆಲ್ಲ ಏರಿಸಿದೆ. ನಮಗೆ ಅದು ಹಲ್ಲು ಜುಮ್ಮೆನ್ನಿಸುವ ಕೀರಲು. ಟೇಪಿನವನು ಕಿವಿ ಮುಚ್ಚಿಕೊಂಡ. ಕಾಕಾ ಮೊದಲ ಬಾರಿಗೆ ತಲೆ ಎತ್ತಿ ಸ್ಪೀಕರಿನ ಕಡೆ ನೋಡಿದರು. ಹೆಸರು ಹಿಡಿದು ಕರೆದರೆ ನೋಡುತ್ತಾರಲ್ಲ, ಹಾಗೆ. ಒಡನೆಯೇ ಗುಂಡಿ ಒತ್ತಿ ಬಂದ್ ಮಾಡಿದರು. "ಇಲ್ಲೆ ಬ್ಯಾಡ," ಎಂದರು.

ಅವರನ್ನು ಒಬ್ಬರನ್ನೇ ಕಳಿಸುವ ಧೈರ್ಯ ನನಗಾಗಲಿಲ್ಲ. ಯಮನೂರಿಗೆ ನಾನೂ ಹೋದೆ. ಬರುವಾಗ ಕಾಕುವಿನ ಜಮಖಾನದ ಮೇಲೆ ಕೂತೆ. ನಾನು ಯಾರ ಗಾಡಿಯನ್ನೂ ಸುಲಭಕ್ಕೆ ಹತ್ತುವವಳಲ್ಲ. ಆ ಸೀಟಿನಲ್ಲಂತೂ ಎಷ್ಟು ಜಾಗ ನನ್ನದು ಎಂದು ತಿಳಿಯದೆ ತುದಿಗೆ ಸರಿದಿದ್ದೆ.

"ನಡೀರಿ," ಎಂದರು ಕಾಕು, ಗಾಜಿನ ಮೇಲಿನಿಂದ.

ಎರಡೂ ಕಡೆ ಎರೆ ಹೊಲ. ಹತ್ತಿ ಬಿಳಿಯಾಗಿತ್ತು. "ಅವರ ಹತ್ತಿ ಎಷ್ಟ ಚಂದ ಒಡದೈತಿ," ಎಂದಾಗ ಕಾಕಾ ಎಡಕ್ಕೆ ಹೊರಳಿ ಹೊಲ ನೋಡಿದರು. ಮಗಳಿಗೆ ಫೋನ್ ಹಚ್ಚಬೇಕು ಎಂದಾಗ, "ಹಚ್ಚೂಣಂತ," ಎಂದರು. ಮುದ್ರಣದ ಹ್ಞೂಂ ಅದರ ಹಿಂದೆಯೇ ಬಂತು. ಹೊಳ್ಳಿ ಹೇಳ್ರಿ ಎಂದು ಕಾಕು ನಕ್ಕಾಗ ಇವರೂ ನಕ್ಕರು. ಭುಜ ಅಲುಗಿದ್ದು ನನಗೆ ಕಂಡಿತು. ನವಲಗುಂದ ದಾಟಿತು. ಕಾಲುವೆ ಬಂತು. ಸೇತುವೆಯ ಮೇಲೆ ಗಾಡಿ ದಡಕ್ಕೆಂದಿತು, ತುಸು ಹಿಂದುಮುಂದಾಗಿ ಎರಡು ಸಲ.

"ಏನ್ರಿ... ಒಂದೀಟು ನಿಂದ್ರಸ್ರಿ. ಬೆನ್ನಾಗ ಹೆಂಗೋ ಆಗಾಕತ್ತೈತಿ."

"ಹ್ಞೂಂ."

ಮುದ್ರಣದ ಆ ಹ್ಞೂಂ ಕೇಳಿ ಕಾಕಾನ ಬೆನ್ನು ಬಿಗಿಯಿತು. ಗಾಡಿ ನಿಲ್ಲಲಿಲ್ಲ. ಅವರ ಕೈಗೆ ನಿಲ್ಲಿಸುವುದು ಮರೆತಂತೆ, ಓಡುತ್ತಲೇ ಇತ್ತು. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬರುತ್ತಿತ್ತು. ನಾನು ಕೈ ಎತ್ತಿ ಅವರ ಬೆನ್ನಿಗೆ ಎರಡು ಸಲ ತಟ್ಟಿದೆ.

ಗಾಡಿ ನಿಂತಿತು.

ಒಂದು ಜಾಲಿಗಿಡದ ಬಾಜು. ಕಾಕಾ ಎಂಜಿನ್ ಬಂದ್ ಮಾಡಿದರು. ಟೇಪು ಮಾತ್ರ ಓಡುತ್ತಿತ್ತು. ನಿಂತ ಗಾಡಿಯ ಮೇಲೆ, ಓಡುತ್ತಿರುವ ಗಾಡಿಯ ಸಪ್ಪಳ. ಅವರು ಇಳಿದು, ರಸ್ತೆಯ ಕಡೆ ಮುಖ ಮಾಡಿ, ಅಂಗೈ ಕೆಳಗೆ ಮಾಡಿ ಅಡ್ಡ ಬೀಸಿದರು. ಮತ್ತೆ ಬೀಸಿದರು. ಮಷಿನ್ ಬಂದ್ ಮಾಡು. ಸಪ್ಪಳ ನಿಲ್ಲಲಿಲ್ಲ. "ಇರ್ಲಿ ಬಿಡ್ರಿ, ಮನಿ ಬಂದ ಬಿಡ್ತು," ಎಂದರು ಕಾಕು.

ನಾನು ಜಮಖಾನ ತೆಗೆದು ಗಿಡದ ಕೆಳಗೆ ಹಾಸಿದೆ. ಕಾಕಾ ಅದರ ತುದಿಗೆ ಕೂತರು. ಮುದ್ರಣ ಮುಗಿಯುವ ತನಕ ಕೇಳಿದರು. ಕೊನೆಗೆ, "ನನಗ ಯಾಕ ಹೇಳಲಿಲ್ಲಾಕಿ, ನಿಮಗ ಕಿವಿ ಕೇಳಸೂದಿಲ್ಲ ಅಂತ?" ಎಂದರು.

ಕಾಕು ಹೇಳಿದ್ದರೂ ಇರಬಹುದು ಎನ್ನಿಸಿತು. ಅದನ್ನು ಆಡಲಿಲ್ಲ.

ಆಮೇಲೆಯೂ ಅವರು ಯಮನೂರಿಗೆ ಹೋಗುವುದನ್ನು ಬಿಡಲಿಲ್ಲ. ಹುಬ್ಬಳ್ಳಿಯಿಂದ ಬರುವಾಗ ನಮ್ಮ ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೇನೆ: ಜಾಲಿಗಿಡದ ಬಾಜು ಗಾಡಿ ನಿಂತಿರುತ್ತಿತ್ತು, ಹಿಂದಿನ ಸೀಟು ಬರಿದಾಗಿರುತ್ತಿತ್ತು, ನೆಲದ ಮೇಲೆ ಜಮಖಾನ, ಪಕ್ಕದಲ್ಲಿ ಕಾಕಾ ನಿಂತಿರುತ್ತಿದ್ದರು. "ಈ ಕಾಕಾನ ಗಾಡಿ ಕಾಯಂ ಇಲ್ಲೇ ಕೆಡ್ತೈತಲ್ಲೋ," ಎಂದು ಕಂಡಕ್ಟರ್ ಒಮ್ಮೆ ಡ್ರೈವರಿಗೆ ಹೇಳಿದ. ಅವರು ಅಲ್ಲಿ ಒಂದೀಟು ಹೊತ್ತು ನಿಂತು, ಮತ್ತೆ ಹೊರಡುತ್ತಿದ್ದರು.

ಓಣಿಯಲ್ಲಿ ಜನ ಕಂಡದ್ದು ಬೇರೆ ಬದಲಾವಣೆ. ಕಾಕಾ ಹ್ಞೂಂ ಎನ್ನುವುದನ್ನು ಬಿಟ್ಟರು. ಯಾರು ಏನೆಂದರೂ ಹತ್ತಿರ ಹೋಗಿ, ಬಾಯಿ ನೋಡುತ್ತ, "ಏನಂದ್ರಿ? ಇನ್ನೊಮ್ಮೆ ಹೇಳ್ರಿ," ಎನ್ನುತ್ತಿದ್ದರು. ತಿಳಿಯದಿದ್ದರೆ ಮೂರನೆಯ ಸಲವೂ ಕೇಳುತ್ತಿದ್ದರು. ನವಲಗುಂದದಿಂದ ಚೀಲಗಳು ಬರತೊಡಗಿದವು. ಆದರೆ ಜನ ಬೇಸತ್ತರು. "ವಯಸ್ಸಾತು, ಈಗೀಗ ಕಾಕಾಗ ಕಿವಿ ಮಂದಾಗ್ಯಾವ," ಎಂದು ಮರುಗಿದರು. ಕಟ್ಟೆಗೆ ಬರುವವರು ಕಡಿಮೆಯಾದರು. ಒಂದು ಮಾತನ್ನು ಎರಡು ಸಲ ಆಡುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಅವರ ಕಿವಿ ಕೆಟ್ಟು ಎಷ್ಟು ಕಾಲವಾಗಿತ್ತು ಎಂಬುದನ್ನು ನಾನು ಯಾರಿಗೂ ಹೇಳಲಿಲ್ಲ.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಒಂದು ಸೋಮವಾರ ಮುಂಜಾನೆ. ಆ ವಾರವೇ ಅವರು ನಿದ್ದೆಯಲ್ಲಿ ಹೋದರು. ಬಸ್ಸು ಓಣಿಯ ತುದಿಗೆ ಬಂದು ನಿಂತಿತ್ತು. ಓಡುತ್ತಲೇ ಅವರ ಕಟ್ಟೆಯ ಕಡೆ, "ಕಾಕಾ, ಹೋಗಿ ಬರ್ತೀನ್ರಿ," ಎಂದೆ. ಮೊದಲಾಗಿದ್ದರೆ ಹ್ಞೂಂ ಎಂದು ಕೈ ಎತ್ತುತ್ತಿದ್ದರು. ಈಗ ಮೊಣಕಾಲಿಗೆ ಕೈ ಊರಿ ಎದ್ದು, ಮೆಟ್ಟಿಲಿಳಿದು, ನನ್ನ ಎದುರಿಗೆ ಬಂದು ನಿಂತರು.

"ಏನಂದಿ ಬೇ? ಇನ್ನೊಮ್ಮೆ ಹೇಳು."

ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ನಾನು ಅವರ ಕಡೆ ಮುಖ ಮಾಡಿ ನಿಂತು ಇನ್ನೊಮ್ಮೆ ಹೇಳಿದೆ.